‘ಅಮೆರಿಕದಲ್ಲಿ’ ಅಂದರೆ ಯಾವ ರಾಜ್ಯದಲ್ಲಿ?

ಸಂಪಾದಕರಿಗೆ ನಮಸ್ಕಾರ.

ಅಮೆರಿಕದ ಕೆಲಸ, ಸಂಬಳ, ಅಲ್ಲಿನ ಜೀವನದ ಬಗ್ಗೆ ನಿಮ್ಮ ಪತ್ರಿಕೆಯಲ್ಲಿ ಆಗಾಗ ಬರಹಗಳು ಬರುತ್ತವೆ. ನಾನು ಒಂದನ್ನೂ ಬಿಡದೆ ಓದುತ್ತೇನೆ. ಆದರೆ ಎಲ್ಲದರಲ್ಲೂ ‘ಅಮೆರಿಕದಲ್ಲಿ ಹೀಗೆ, ಅಮೆರಿಕದಲ್ಲಿ ಹಾಗೆ’ ಅಂತ ಒಂದೇ ಮಾತಿನಲ್ಲಿ ಮುಗಿಸಿಬಿಡುತ್ತಾರೆ. ಯಾವ ರಾಜ್ಯ ಅಂತ ಹೇಳುವುದೇ ಇಲ್ಲ. ನನ್ನ ಮಗಳು ಇರುವುದು ನ್ಯೂಜೆರ್ಸಿಯ ಎಡಿಸನ್‌ನಲ್ಲಿ, ಮಗ ಇರುವುದು ಟೆಕ್ಸಸ್‌ನಲ್ಲಿ, ಡಲ್ಲಾಸ್ ಪಕ್ಕದ ಫ್ರಿಸ್ಕೋದಲ್ಲಿ. ಮಗಳ ಬಾಣಂತನವನ್ನೂ ನಾನೇ ಮಾಡಿದೆ. ಸೊಸೆಯ ತಾಯಿಗೆ ಮಂಡಿನೋವು, ಅಷ್ಟು ದೂರ ವಿಮಾನದಲ್ಲಿ ಕೂರುವ ಹಾಗಿಲ್ಲ, ಹಾಗಾಗಿ ಸೊಸೆಯ ಬಾಣಂತನಕ್ಕೂ ನಾನೇ ಹೋದೆ. ಎರಡೂ ಮನೆಯಲ್ಲಿ ತಿಂಗಳುಗಟ್ಟಲೆ ಇದ್ದು ನೋಡಿದ ಮೇಲೆ ಅದು ಒಂದೇ ದೇಶ ಅಂತ ನನಗೆ ಅನ್ನಿಸಲೇ ಇಲ್ಲ.

ನಮ್ಮ ಹಾಸನದಲ್ಲಿ ಯಾವ ಮದುವೆ ಮನೆಗೆ ಹೋದರೂ ಒಂದು ಮಾತು ಕಿವಿಗೆ ಬೀಳುತ್ತದೆ. ‘ಟೆಕ್ಸಸ್‌ನಲ್ಲಿ ಟ್ಯಾಕ್ಸೇ ಇಲ್ವಂತೆ, ನಿಮ್ಮ ಮಗಳಿಗೂ ಅಲ್ಲಿಗೇ ಹೋಗೋಕೆ ಹೇಳಿ.’ ಈ ಮಾತು ಅರ್ಧ ನಿಜ. ಕೇಂದ್ರ ಸರ್ಕಾರದ ಆದಾಯ ತೆರಿಗೆ ಎಲ್ಲಿದ್ದರೂ ಕಟ್ಟಲೇಬೇಕು. ಅದರ ಮೇಲೆ ರಾಜ್ಯದವರು ಹಾಕುವ ಆದಾಯ ತೆರಿಗೆ ಟೆಕ್ಸಸ್‌ನಲ್ಲಿ ಇಲ್ಲ, ಮುಂದೆಯೂ ಹಾಕಬಾರದು ಅಂತ 2019ರಲ್ಲಿ ತಮ್ಮ ರಾಜ್ಯದ ಸಂವಿಧಾನವನ್ನೇ ತಿದ್ದಿಕೊಂಡಿದ್ದಾರೆ. ನ್ಯೂಜೆರ್ಸಿಯಲ್ಲಿ ಈ ರಾಜ್ಯ ತೆರಿಗೆ ಶೇ 1.4ರಿಂದ ಶುರುವಾಗಿ ಆದಾಯ ಜಾಸ್ತಿಯಾದ ಹಾಗೆ ಏರುತ್ತಾ ಹೋಗಿ, ವರ್ಷಕ್ಕೆ ಹತ್ತು ಲಕ್ಷ ಡಾಲರ್ ದಾಟಿದವರಿಗೆ ಶೇ 10.75 ಆಗುತ್ತದೆ. ಇಷ್ಟು ಕೇಳಿದರೆ ಟೆಕ್ಸಸ್ಸೇ ವಾಸಿ ಅನ್ನಿಸುತ್ತದೆ, ಅಲ್ವಾ?

ಆದರೆ ಮನೆ ಕಂದಾಯ ನೋಡಿ. ಟೆಕ್ಸಸ್‌ನಲ್ಲಿ ಅದು ಮನೆ ಬೆಲೆಯ ಮೇಲೆ ವರ್ಷಕ್ಕೆ ಸುಮಾರು ಶೇ 1.5ರಿಂದ 2ರವರೆಗೂ ಬೀಳುತ್ತದೆ, ಅದರಲ್ಲಿ ದೊಡ್ಡ ಪಾಲು ಶಾಲೆಗಳಿಗೆ. ಪ್ರತಿ ವರ್ಷ ‘ನಿಮ್ಮ ಮನೆಗೆ ಈಗ ಇಷ್ಟು ಬೆಲೆ’ ಅಂತ ಒಂದು ಕಾಗದ ಬರುತ್ತದೆ. ಒಪ್ಪಿಗೆಯಾಗದಿದ್ದರೆ ಸಾಮಾನ್ಯವಾಗಿ ಮೇ 15ರೊಳಗೆ ತಕರಾರು ಅರ್ಜಿ ಹಾಕಬೇಕು. ಮಗ ಊಟದ ಮೇಜಿನ ಮೇಲೆ ಆ ಕಾಗದ ಹರಡಿಕೊಂಡು, ಅಕ್ಕಪಕ್ಕದ ಮನೆಗಳು ಎಷ್ಟಕ್ಕೆ ಮಾರಾಟವಾಗಿವೆ ಅಂತ ಒಂದೊಂದಾಗಿ ಹುಡುಕಿ, ನಮ್ಮ ಅಡುಗೆಮನೆ ಹಳೇದು, ಚಾವಣಿ ರಿಪೇರಿ ಆಗಬೇಕು ಅಂತೆಲ್ಲ ಬರೆದು, ಫೋಟೊ ಸೇರಿಸಿ ಕಳಿಸುವುದನ್ನು ನಾನು ನೋಡಿದ್ದೇನೆ. ಹಾಗಂತ ನ್ಯೂಜೆರ್ಸಿಯಲ್ಲಿ ಮನೆ ಕಂದಾಯ ಕಡಿಮೆ ಅಂದುಕೊಳ್ಳಬೇಡಿ. ಇಡೀ ದೇಶದಲ್ಲಿ ಅದೇ ಅತಿ ಹೆಚ್ಚು ಇರುವ ರಾಜ್ಯ. 2024ರಲ್ಲಿ ಒಂದು ಮನೆಗೆ ಸರಾಸರಿ 10 ಸಾವಿರ ಡಾಲರ್ ದಾಟಿತು. ಸಾಮಾನಿನ ಮೇಲಿನ ತೆರಿಗೆ ಮಾತ್ರ ನ್ಯೂಜೆರ್ಸಿಯಲ್ಲಿ ಕಡಿಮೆ, ಶೇ 6.625. ಬಟ್ಟೆಗೆ ಅದೂ ಇಲ್ಲ. ಟೆಕ್ಸಸ್‌ನಲ್ಲಿ ಊರಿನವರ ಪಾಲೂ ಸೇರಿ ಶೇ 8.25ರವರೆಗೆ ಹೋಗುತ್ತದೆ, ಬಟ್ಟೆಗೂ ಕೊಡಬೇಕು. ಆಗಸ್ಟ್‌ನಲ್ಲಿ ಶಾಲೆ ಶುರುವಾಗುವ ಮುಂಚೆ ಒಂದು ವಾರಾಂತ್ಯ ಮಾತ್ರ 100 ಡಾಲರ್‌ಗಿಂತ ಕಡಿಮೆಯ ಬಟ್ಟೆ, ಚಪ್ಪಲಿಗೆ ತೆರಿಗೆ ಬಿಡುತ್ತಾರೆ. ಆಗ ಅಂಗಡಿಯೊಳಗೆ ಕಾಲಿಡೋಕೂ ಜಾಗ ಇರುವುದಿಲ್ಲ.

ನಾನು ಮುಖ್ಯವಾಗಿ ಹೇಳಬೇಕು ಅಂದುಕೊಂಡಿದ್ದು ಬಾಣಂತನದ ವಿಷಯ. ಹೆಣ್ಣುಮಕ್ಕಳನ್ನು ಅಲ್ಲಿಗೆ ಕಳಿಸುವವರು, ಅಲ್ಲಿಂದ ಸೊಸೆ ತರುವವರು ಇದನ್ನು ದಯವಿಟ್ಟು ಗಮನ ಇಟ್ಟು ಓದಬೇಕು.

ನ್ಯೂಜೆರ್ಸಿಯಲ್ಲಿ ಕೆಲಸ ಮಾಡುವವರ ಸಂಬಳದಿಂದ ತೆರಿಗೆಯ ಜೊತೆಗೆ ಇನ್ನೊಂದು ಸಣ್ಣ ಮೊತ್ತ ಹಿಡಿಯುತ್ತಾರೆ. ಮಗಳು ಅದನ್ನು ಸಂಬಳದ ಚೀಟಿಯಲ್ಲಿ ತೋರಿಸಿದಾಗ ‘ಇದೇನು ಸುಮ್ನೆ ಹಿಡೀತಾರೆ’ ಅಂತ ಕೇಳಿದ್ದೆ. ಹೆರಿಗೆಯಾದ ಮೇಲೆ ಅದರ ಬೆಲೆ ಗೊತ್ತಾಯಿತು. ಅಲ್ಲಿ ಮಾಮೂಲಿ ಹೆರಿಗೆಗೆ ಮುಂಚೆ ನಾಲ್ಕು ವಾರ, ಆದ ಮೇಲೆ ಆರು ವಾರ, ಸಿಸೇರಿಯನ್ ಆದರೆ ಎಂಟು ವಾರ ವಿಶ್ರಾಂತಿ, ದುಡ್ಡಿನ ಸಮೇತ. ಅದು ಮುಗಿದ ಮೇಲೆ ಮಗುವಿನ ಜೊತೆ ಇರೋಕೆ ಅಂತಲೇ ಇನ್ನೂ 12 ವಾರ. ಕೈಗೆ ಬರುವುದು ಸಂಬಳದ ಶೇ 85, ಆದರೆ ವಾರಕ್ಕೆ ಇಷ್ಟು ಅಂತ ಒಂದು ಮಿತಿ ಇದೆ. ಆ 12 ವಾರ ಅಪ್ಪನಿಗೂ ಉಂಟು. ನನ್ನ ಅಳಿಯ ರಜೆ ಹಾಕಿ ಮನೆಯಲ್ಲಿದ್ದು ಮಗುವಿಗೆ ಸ್ನಾನ ಮಾಡಿಸುವುದನ್ನು ನನ್ನಿಂದ ಕಲಿತ. ಮಗಳು ಮೆಣಸಿನ ಸಾರು, ಸಬ್ಬಸಿಗೆ ಸೊಪ್ಪಿನ ಪಲ್ಯ ತಿಂದುಕೊಂಡು, ಹೊಟ್ಟೆ ಕಟ್ಟಿಸಿಕೊಂಡು, ನಿದ್ದೆ ಬಂದಾಗ ಮಲಗಿ ಸುಧಾರಿಸಿಕೊಂಡಳು.

ಟೆಕ್ಸಸ್‌ನಲ್ಲಿ ಇಂಥ ಕಾನೂನು ಇಲ್ಲ. ಇಡೀ ದೇಶಕ್ಕೆ ಅನ್ವಯಿಸುವ 1993ರ ಕಾನೂನೊಂದಿದೆ. ಅದರಲ್ಲಿ 12 ವಾರ ರಜೆ ಸಿಗುತ್ತದೆ, ಸಂಬಳ ಇಲ್ಲ. ಅದೂ ಕಂಪನಿಯಲ್ಲಿ ಕನಿಷ್ಠ 50 ಜನ ಇರಬೇಕು, ನಾವು ಸೇರಿ ಒಂದು ವರ್ಷ ಆಗಿರಬೇಕು. ದೊಡ್ಡ ಕಂಪನಿಗಳು ತಾವಾಗಿಯೇ ಸಂಬಳದ ರಜೆ ಕೊಡುತ್ತವೆ, ಇಲ್ಲ ಅನ್ನುವುದಿಲ್ಲ. ಆದರೆ ಸೊಸೆ ಇದ್ದದ್ದು ಒಂದು ಸಣ್ಣ ಕಂಪನಿಯಲ್ಲಿ, ಸೇರಿ ವರ್ಷವೂ ತುಂಬಿರಲಿಲ್ಲ. ಆರು ವಾರಕ್ಕೇ ಕೆಲಸಕ್ಕೆ ಹೊರಟಳು. ಮಗುವಿಗೆ ಇನ್ನೂ ಕತ್ತು ನಿಂತಿರಲಿಲ್ಲ. ಬೆಳಿಗ್ಗೆ ಐದಕ್ಕೇ ಎದ್ದು, ಯಂತ್ರ ಹಚ್ಚಿ ಹಾಲು ತೆಗೆದು, ಬಾಟಲಿಗೆ ತುಂಬಿ, ಅದರ ಮೇಲೆ ಗಂಟೆ ಬರೆದ ಚೀಟಿ ಅಂಟಿಸಿ ಫ್ರಿಜ್ಜಿನಲ್ಲಿ ಸಾಲಾಗಿ ಇಟ್ಟು ಹೋಗುತ್ತಿದ್ದಳು. ಸೊಂಟನೋವು ಅಂತ ನಡೆಯುವಾಗ ಗೋಡೆ ಹಿಡಿದುಕೊಳ್ಳುತ್ತಿದ್ದ ಹುಡುಗಿ ಕಾರು ಓಡಿಸಿಕೊಂಡು ಹೋಗಬೇಕು. ನನಗೆ ಹೊಟ್ಟೆ ಉರಿದುಹೋಯಿತು. ನಮ್ಮಲ್ಲಿ 2017ರ ತಿದ್ದುಪಡಿಯಿಂದ ಕಾನೂನಿಗೆ ಒಳಪಟ್ಟ ಕಡೆ ಕೆಲಸ ಮಾಡುವವರಿಗೆ ಮೊದಲ ಎರಡು ಹೆರಿಗೆಗೆ 26 ವಾರ ಸಂಬಳದ ರಜೆ ಇದೆ. ಇದನ್ನು ಬಿಟ್ಟು ಹೋಗುವ ಹುಡುಗಿಗೆ ಅಲ್ಲಿ ಏನು ಕಾದಿದೆ ಅಂತ ಯಾರಾದರೂ ಮೊದಲೇ ಹೇಳಬೇಡವೇ? ಉಳಿಸಿದ ರಾಜ್ಯ ತೆರಿಗೆಯ ಲೆಕ್ಕ ಹಾಕುವಾಗ ಈ ಲೆಕ್ಕವನ್ನೂ ಹಾಕಬೇಕು.

ಇನ್ನು ನಮ್ಮಂಥ ವಯಸ್ಸಾದವರ ದಿನ ಹೇಗೆ ಕಳೆಯುತ್ತದೆ ಅನ್ನುವುದು. ನ್ಯೂಜೆರ್ಸಿ ಅಂದರೆ ಹಾಸನ ಜಿಲ್ಲೆಯಂಥ ಮೂರು ಜಿಲ್ಲೆ ಸೇರಿಸಿದರೆ ಎಷ್ಟೋ ಅಷ್ಟೇ ದೊಡ್ಡದು, ಆದರೆ ಆ ದೇಶದಲ್ಲೇ ಅತಿ ಜನದಟ್ಟಣೆಯ ರಾಜ್ಯ. ಟೆಕ್ಸಸ್‌ನಲ್ಲಿ ನಮ್ಮ ಕರ್ನಾಟಕದಂಥ ಮೂರೂವರೆ ರಾಜ್ಯ ಹಿಡಿಯುತ್ತದೆ. ಮಗಳ ಮನೆಯಿಂದ ಕಾಲ್ನಡಿಗೆಯಲ್ಲೇ ಓಕ್ ಟ್ರೀ ರೋಡಿಗೆ ಹೋಗಿ ಸೊಪ್ಪು, ತೆಂಗಿನಕಾಯಿ ತರುತ್ತಿದ್ದೆ. ಆ ರಸ್ತೆ ತುಂಬಾ ನಮ್ಮ ದೇಶದವರದ್ದೇ ಅಂಗಡಿ. ಎಡಿಸನ್‌ನಲ್ಲಿ ರೈಲು ಹತ್ತಿದರೆ ಒಂದು ಗಂಟೆಗೆಲ್ಲ ನ್ಯೂಯಾರ್ಕ್. 62 ವರ್ಷ ದಾಟಿದವರು ವಯಸ್ಸಿನ ದಾಖಲೆ ತೋರಿಸಿದರೆ ಅರ್ಧ ಟಿಕೆಟ್ಟೋ ಅದಕ್ಕಿಂತ ಕಡಿಮೆಯೋ ಆಗುತ್ತದೆ. ಫ್ರಿಸ್ಕೋದಲ್ಲಿ ಮಗನ ಮನೆ ದೊಡ್ಡದು, ಗಾಳಿ ಬೆಳಕು ಚೆನ್ನಾಗಿದೆ, ಅಂಥ ಮನೆಯನ್ನು ಮಗಳು ಕನಸಿನಲ್ಲೂ ಕೊಳ್ಳುವ ಹಾಗಿಲ್ಲ. ಆದರೆ ಡಲ್ಲಾಸ್‌ನವರ ಬಸ್ಸು, ರೈಲಿನ ವ್ಯವಸ್ಥೆಗೆ ಆ ಊರು ಸೇರಿಕೊಂಡೇ ಇಲ್ಲ. ಕಾರು ಓಡಿಸಲು ಬಾರದವರು ಮಗನೋ ಸೊಸೆಯೋ ಬರುವವರೆಗೆ ಕಾಯಬೇಕು. ಇಲ್ಲಿ ನಾನು ಆಧಾರ್ ಕಾರ್ಡ್ ಹಿಡಿದುಕೊಂಡು ಶಕ್ತಿ ಯೋಜನೆಯಲ್ಲಿ ಬೇಲೂರಿಗೆ ಹೋಗಿ ಅಕ್ಕನನ್ನು ಮಾತಾಡಿಸಿಕೊಂಡು ಸಂಜೆಗೆ ವಾಪಸ್ ಬರುವವಳು. ಅಲ್ಲಿ ಒಂದು ಕಟ್ಟು ಕೊತ್ತಂಬರಿಗೂ ಇನ್ನೊಬ್ಬರನ್ನು ಕೇಳಬೇಕಾಗಿದ್ದು ನನಗೆ ತುಂಬಾ ಕಷ್ಟವಾಯಿತು. ಬೇಸಿಗೆಯಲ್ಲಂತೂ 38, 40 ಡಿಗ್ರಿ ಬಿಸಿಲು. ವಾಕಿಂಗ್ ಮಾಡಬೇಕು ಅಂದರೆ ಬೆಳಗಿನ ಜಾವವೇ ಹೋಗಿ ಬರಬೇಕು.

ನ್ಯೂಜೆರ್ಸಿಯ ಚಳಿಗಾಲ ಸುಲಭ ಅಂತ ಹೇಳುತ್ತಿಲ್ಲ. ಹಿಮ ಬಿದ್ದರೆ ಮನೆ ಮುಂದಿನ ಫುಟ್‌ಪಾತಿನ ಹಿಮವನ್ನು ಮನೆಯವರೇ ತೆಗೆಯಬೇಕು ಅಂತ ಅಲ್ಲಿನ ಊರುಗಳಲ್ಲಿ ನಿಯಮ ಇದೆ. ಬೆಳಿಗ್ಗೆ ಎದ್ದು ಸಲಿಕೆ ಹಿಡಿಯುವುದೇ. ಬಿಪಿ, ಹೃದಯದ ತೊಂದರೆ ಇರುವ ಹಿರಿಯರು ಮಕ್ಕಳಿಗೆ ಸಹಾಯ ಮಾಡುತ್ತೇನೆ ಅಂತ ಆ ಕೆಲಸಕ್ಕೆ ಕೈ ಹಾಕಲೇಬೇಡಿ. ಅದೇ ಟೆಕ್ಸಸ್‌ನಲ್ಲಿ ಚಳಿ ಅಪರೂಪ, ಹಾಗಾಗಿ ಯಾರೂ ಅದಕ್ಕೆ ತಯಾರಿರುವುದಿಲ್ಲ. 2021ರ ಫೆಬ್ರುವರಿಯಲ್ಲಿ ಅಲ್ಲಿ ಹಿಮಗಾಳಿ ಬೀಸಿ 45 ಲಕ್ಷಕ್ಕೂ ಹೆಚ್ಚು ಮನೆಗಳಿಗೆ ಕರೆಂಟು ಹೋಯಿತು. ಟೆಕ್ಸಸ್‌ನವರ ವಿದ್ಯುತ್ ಜಾಲ ಬೇರೆ ರಾಜ್ಯಗಳಿಂದ ಹೆಚ್ಚುಕಡಿಮೆ ಪ್ರತ್ಯೇಕವಾಗಿದೆ, ಹಾಗಾಗಿ ಪಕ್ಕದವರಿಂದ ಬೇಕಾದಷ್ಟು ತರಿಸಿಕೊಳ್ಳಲು ಆಗಲಿಲ್ಲ. ಸರ್ಕಾರದ ಲೆಕ್ಕದಲ್ಲೇ 246 ಜನ ಸತ್ತರು. ನಮ್ಮ ಸಕಲೇಶಪುರದ ಕಡೆ ಮಳೆಗಾಲದಲ್ಲಿ ಮರ ಬಿದ್ದು ದಿನಗಟ್ಟಲೆ ಕರೆಂಟು ಇಲ್ಲದಿದ್ದರೂ ಒಲೆ ಹಚ್ಚಿ ಬೆಚ್ಚಗಿರಬಹುದು. ಅಲ್ಲಿನ ಎಷ್ಟೋ ಮನೆಗಳಲ್ಲಿ ಅಡುಗೆ, ಬಿಸಿನೀರು, ಬೆಚ್ಚಗಿರುವುದು ಎಲ್ಲಕ್ಕೂ ಕರೆಂಟೇ ಬೇಕು.

ಸಣ್ಣಪುಟ್ಟ ವಿಷಯಗಳಲ್ಲೂ ಹೀಗೆಯೇ. ನ್ಯೂಜೆರ್ಸಿಯಲ್ಲಿ ಬಂಕಿನವರೇ ಬಂದು ಪೆಟ್ರೋಲ್ ಹಾಕಬೇಕು, 1949ರಿಂದ ಕಾನೂನು, ನಮ್ಮ ಬಿ.ಎಂ. ರಸ್ತೆಯ ಬಂಕುಗಳಲ್ಲಿ ಹಾಕುವಂತೆಯೇ. ಟೆಕ್ಸಸ್‌ನಲ್ಲಿ ನಾವೇ ಇಳಿದು ಹಾಕಿಕೊಳ್ಳಬೇಕು. ನ್ಯೂಜೆರ್ಸಿಯ ಅಂಗಡಿಗಳಲ್ಲಿ 2022ರ ಮೇನಿಂದ ಪ್ಲಾಸ್ಟಿಕ್ ಕೈಚೀಲ ಕೊಡುವ ಹಾಗಿಲ್ಲ, ನಾನು ಇಲ್ಲಿಂದ ಒಯ್ದ ಬಟ್ಟೆ ಚೀಲ ಚೆನ್ನಾಗಿ ಉಪಯೋಗಕ್ಕೆ ಬಂತು. ಟೆಕ್ಸಸ್‌ನಲ್ಲಿ 21 ವರ್ಷ ತುಂಬಿದ ಬಹುಪಾಲು ಜನ ಲೈಸೆನ್ಸ್ ಇಲ್ಲದೆಯೇ ಪಿಸ್ತೂಲು ಇಟ್ಟುಕೊಂಡು ಓಡಾಡಬಹುದು ಅಂತ 2021ರ ಸೆಪ್ಟೆಂಬರಿನಿಂದ ಕಾನೂನು ಬಂದಿದೆ. ಬಂದೂಕು ಒಳಗೆ ತರಬೇಡಿ ಅಂತ ಬಾಗಿಲಿಗೆ ದೊಡ್ಡ ಅಕ್ಷರದಲ್ಲಿ ಬರೆದು ಹಾಕಿದ ಅಂಗಡಿಗಳನ್ನು ಅಲ್ಲೇ ನಾನು ಮೊದಲು ನೋಡಿದ್ದು. ಕನಿಷ್ಠ ಕೂಲಿ ಟೆಕ್ಸಸ್‌ನಲ್ಲಿ 2009ರಿಂದಲೂ ಗಂಟೆಗೆ 7.25 ಡಾಲರ್, ನ್ಯೂಜೆರ್ಸಿಯಲ್ಲಿ 2024ರಿಂದ 15 ಡಾಲರ್‌ಗಿಂತ ಜಾಸ್ತಿ. ಕನ್ನಡಕ್ಕೆ ಮಾತ್ರ ಎರಡು ಕಡೆಯೂ ಬರವಿಲ್ಲ. ಅಮೆರಿಕದ ಕನ್ನಡ ಕೂಟಗಳ ಒಕ್ಕೂಟವಾದ ‘ಅಕ್ಕ’ದ ಸಮ್ಮೇಳನ 2016ರಲ್ಲಿ ನ್ಯೂಜೆರ್ಸಿಯ ಅಟ್ಲಾಂಟಿಕ್ ಸಿಟಿಯಲ್ಲಿ, 2018ರಲ್ಲಿ ಡಲ್ಲಾಸ್‌ನಲ್ಲಿ ನಡೆಯಿತು.

ಮಗ ಟೆಕ್ಸಸ್ ಬಿಡುವುದಿಲ್ಲ, ಅವನಿಗೆ ಆ ಊರು ಇಷ್ಟ, ಅಲ್ಲಿನ ಜನವೂ ಒಳ್ಳೆಯವರು. ಬಿಡು ಅಂತ ನಾನೂ ಹೇಳಿಲ್ಲ. ನನ್ನ ಕೋರಿಕೆ ಪತ್ರಿಕೆಯವರಿಗೆ. ಅಮೆರಿಕದ ಬಗ್ಗೆ ಬರೆಯುವಾಗ ರಾಜ್ಯದ ಹೆಸರು ಹಾಕಿ ಬರೆಯಿಸಿ. ಹೆರಿಗೆ ರಜೆಗೆ ಕಾನೂನು ಇದೆಯೇ, ಮನೆ ಕಂದಾಯ ಎಷ್ಟು, ಕಾರಿಲ್ಲದೆ ಓಡಾಡಬಹುದೇ, ಇಷ್ಟನ್ನಾದರೂ ಒಂದೊಂದು ರಾಜ್ಯಕ್ಕೆ ಬಿಡಿಸಿ ಹೇಳುವ ಒಂದು ಅಂಕಣ ವಾರಕ್ಕೊಮ್ಮೆ ಬಂದರೂ ಸಾಕು. ನಮ್ಮ ಬೀದಿಯಲ್ಲೇ ಎರಡು ಮನೆಯವರು ಮಕ್ಕಳ ಬಾಣಂತನಕ್ಕೆ ಹೊರಡುವ ತಯಾರಿಯಲ್ಲಿದ್ದಾರೆ, ದಿನಾ ಸಂಜೆ ಬಂದು ನನ್ನನ್ನು ಇದನ್ನೇ ಕೇಳುತ್ತಾರೆ. ನಾನು ನೋಡಿರುವುದು ಈ ಎರಡು ರಾಜ್ಯ ಮಾತ್ರ, ಅವರ ಮಕ್ಕಳಿರುವುದು ಓಹಾಯೊ ಮತ್ತು ಕ್ಯಾಲಿಫೋರ್ನಿಯಾದಲ್ಲಿ.

ನಿವೃತ್ತ ಶಿಕ್ಷಕಿ,
ವಿದ್ಯಾನಗರ, ಹಾಸನ