ಏಪ್ರಿಲ್ 30ರ ಸಂಜೆಯೇ ಸೇರಿ

ಶಿರಸಿ
ಏಪ್ರಿಲ್ 12

ಪ್ರೀತಿಯ ಗೆಳೆಯಾ,

ಈ ಸಲವೂ ಮೇ 1ಕ್ಕೆ ಕಾರವಾರದ ಕಡಲ ದಂಡೆಯಲ್ಲಿ ಫಾರ್ಮುಲಾ ಒನ್ ಚಾಲಕ ಸೆನ್ನಾನ ನೆನಪಿಗೆ ಸೇರುತ್ತೇವೆ ಎಂದು ಬರೆದಿದ್ದೀಯ. ಹುಡುಗರು ಹಳೆಯ ಕಾರೊಂದನ್ನು ಆಟೋಕ್ರಾಸಿಗೆ, ಅಂದರೆ ಮಣ್ಣಿನ ಹಾದಿಯ ರೇಸಿಗೆ, ಸಜ್ಜು ಮಾಡುತ್ತಿರುವುದನ್ನೂ ಬರೆದಿದ್ದೀಯ. ಎರಡಕ್ಕೂ ನನ್ನ ಉತ್ತರ ಒಂದೇ. ಒಂದು ದಿನ ಮೊದಲೇ, ಏಪ್ರಿಲ್ 30ರ ಸಂಜೆಯೇ ಸೇರಿ. 1994ರಲ್ಲಿ ಇಟಲಿಯ ಇಮೋಲಾದಲ್ಲಿ ರೋಲಂಡ್ ರಾಟ್ಜೆನ್‌ಬರ್ಗರ್ ತೀರಿಕೊಂಡ ದಿನ ಅದು. ಆ ಹಳೆಯ ಕಾರಿನಲ್ಲಿ ಕೂರುವ ಹುಡುಗನಿಗೆ ಸೆನ್ನಾನ ಸಾವಿಗಿಂತ ಈ ಸಾವು ಹತ್ತಿರದ್ದು.

ಆಸ್ಟ್ರಿಯಾದ ಸಾಲ್ಜ್‌ಬರ್ಗಿನವನು, ವಯಸ್ಸು 33. ಸಿಮ್‌ಟೆಕ್ ಎಂಬ ಸಣ್ಣ ತಂಡಕ್ಕೆ ಓಡಿಸುತ್ತಿದ್ದ. ಫಾರ್ಮುಲಾ ಒನ್‌ನಲ್ಲಿ ಅದು ಅವನಿಗೆ ಮೂರನೆಯ ವಾರಾಂತ್ಯ. ಬ್ರೆಜಿಲ್‌ನಲ್ಲಿ ಅರ್ಹತೆ ಸಿಗಲಿಲ್ಲ, ಜಪಾನಿನ ಐಡಾದಲ್ಲಿ 11ನೆಯವನಾಗಿ ಮುಗಿಸಿದ. ಇಮೋಲಾದ ಅರ್ಹತಾ ಸುತ್ತಿನಲ್ಲಿ ಒಮ್ಮೆ ಟ್ರ್ಯಾಕ್ ಬಿಟ್ಟು ಹೊರಹೋದಾಗ ಮುಂದಿನ ರೆಕ್ಕೆಗೆ ಪೆಟ್ಟು ಬಿತ್ತು. ಪಿಟ್‌ಗೆ ಬರದೆ ಇನ್ನೊಂದು ಸುತ್ತಿಗೆ ಹೋದ. ನೇರ ದಾರಿಯ ವೇಗಕ್ಕೆ ಗಾಳಿಯ ಒತ್ತಡ ಏರಿ ಆ ರೆಕ್ಕೆ ಮುರಿದು ಕಾರಿನಡಿ ಸಿಕ್ಕಿಕೊಂಡಿತು. ಸ್ಟೀರಿಂಗ್ ತಿರುಗಿಸಿದರೂ ಕಾರು ತಿರುಗಲಿಲ್ಲ. ಗಂಟೆಗೆ 300 ಕಿ.ಮೀ. ಮೀರಿದ ವೇಗದಲ್ಲೇ ವಿಲ್‌ನವ್ ತಿರುವಿನ ಗೋಡೆಗೆ ಬಡಿಯಿತು. 1982ರಲ್ಲಿ ಮಾಂಟ್ರಿಯಲ್‌ನಲ್ಲಿ ರಿಕಾರ್ಡೊ ಪಲೆಟ್ಟಿ ಸತ್ತ ಮೇಲೆ ಹನ್ನೆರಡು ವರ್ಷ ಫಾರ್ಮುಲಾ ಒನ್ ರೇಸಿನ ವಾರಾಂತ್ಯದಲ್ಲಿ ಒಬ್ಬ ಚಾಲಕನೂ ಸತ್ತಿರಲಿಲ್ಲ.

ಅವನನ್ನು ಕೊಂದದ್ದು ತಲೆಬುರುಡೆಯ ತಳದ ಮುರಿತ. ಇದನ್ನು ಹುಡುಗರಿಗೆ ನಿಧಾನವಾಗಿ ಬಿಡಿಸಿ ಹೇಳು. ತಲೆ ಐದು ಕೆ.ಜಿ. ಎಂದಿಟ್ಟುಕೋ, ಹೆಲ್ಮೆಟ್ ಸುಮಾರು ಒಂದೂಕಾಲು. 50 ಜಿ ಪೆಟ್ಟಿನಲ್ಲಿ, ಅಂದರೆ ಭೂಮಿಯ ಸೆಳೆತದ ಐವತ್ತರಷ್ಟು ಪೆಟ್ಟಿನಲ್ಲಿ, ಆ ಆರೂಕಾಲು ಕೆ.ಜಿ. ಮುನ್ನೂರು ಕೆ.ಜಿ. ಮೀರಿದ ಭಾರವಾಗಿ ಮುಂದಕ್ಕೆ ಜಗ್ಗುತ್ತದೆ. ಭುಜವನ್ನು ಬೆಲ್ಟು ಸೀಟಿಗೆ ಕಟ್ಟಿಹಾಕಿದೆ, ತಲೆಯನ್ನು ಹಿಡಿಯಲು ಕತ್ತು ಬಿಟ್ಟರೆ ಬೇರೇನೂ ಇಲ್ಲ. ಆ ಎಳೆತಕ್ಕೆ ಬುರುಡೆಯ ತಳ ಕಿತ್ತುಬರುತ್ತದೆ. ಹೆಲ್ಮೆಟ್ ಎಷ್ಟೇ ಒಳ್ಳೆಯದಿರಲಿ, ಇದನ್ನು ತಡೆಯಲಾರದು. ತೂಕ ಕೂಡಿಸುತ್ತದೆ ಅಷ್ಟೆ. 2001ರಲ್ಲಿ ಡೇಟೋನಾದಲ್ಲಿ ಡೇಲ್ ಅರ್ನ್‌ಹಾರ್ಟ್ ಸತ್ತದ್ದೂ ಇದೇ ಗಾಯದಿಂದ.

ನನ್ನ ಹೆದರಿಕೆ ಇಲ್ಲಿದೆ, ಗೆಳೆಯಾ. ಕಾರಿಗೆ ನಾಲ್ಕು ಪಟ್ಟಿಯ ಬೆಲ್ಟು ಹಾಕಿಸಿದ್ದೇವೆ, ಇನ್ನು ಭಯವಿಲ್ಲ ಎಂದಿದ್ದೀಯಲ್ಲ, ಭಯ ಇರುವುದೇ ಅಲ್ಲಿ. ಕಂಪನಿಯ ಮೂರು ಬಿಂದುವಿನ ಬೆಲ್ಟಿನಲ್ಲಿ ಎದೆಭಾಗ ತುಸು ಮುಂದೆ ಬಾಗುತ್ತದೆ, ಕತ್ತಿಗೆ ಅಷ್ಟು ಬಿಡುವು ಸಿಗುತ್ತದೆ. ರೇಸಿನ ಬೆಲ್ಟು ಆ ಬಿಡುವನ್ನೂ ಕಿತ್ತುಕೊಳ್ಳುತ್ತದೆ. ಕತ್ತಿಗೆ ಆಸರೆಯಿಲ್ಲದ ರೇಸ್ ಬೆಲ್ಟು ಅರ್ಧ ಕೆಲಸ. ಆ ಆಸರೆಯೇ ಹ್ಯಾನ್ಸ್. ಅಮೆರಿಕದ ಬಯೋಮೆಕ್ಯಾನಿಕ್ಸ್ ಪ್ರಾಧ್ಯಾಪಕ ರಾಬರ್ಟ್ ಹಬ್ಬರ್ಡ್ ಇದನ್ನು 1980ರ ದಶಕದಲ್ಲೇ ಮಾಡಿದ್ದರು. ಅವರ ಭಾವ ಜಿಮ್ ಡೌನಿಂಗ್ ಸ್ವತಃ ರೇಸ್ ಚಾಲಕ. ಫಾರ್ಮುಲಾ ಒನ್‌ನಲ್ಲಿ ಕಡ್ಡಾಯವಾದದ್ದು 2003ರಲ್ಲಿ. ರಾಟ್ಜೆನ್‌ಬರ್ಗರ್ ಸಾಯುವಾಗ ಅದು ಜಗತ್ತಿನಲ್ಲಿ ಇತ್ತು, ಅವನ ಹೆಗಲ ಮೇಲೆ ಇರಲಿಲ್ಲ. ಇದನ್ನು ಬರೆಯುವಾಗ ಈಗಲೂ ಸಂಕಟವಾಗುತ್ತದೆ.

ಹ್ಯಾನ್ಸ್ ಎಂದರೆ ಎತ್ತಿನ ನೊಗದ ಹಾಗೆ ಹೆಗಲ ಮೇಲೆ ಕೂರುವ ಗಟ್ಟಿ ಕಾಲರು. ಅದರ ಎರಡು ಪಟ್ಟಿ ಹೆಲ್ಮೆಟ್ಟಿನ ಎಡಬಲದ ಗುಬುಟಿಗೆ ಸಿಕ್ಕಿಕೊಳ್ಳುತ್ತವೆ. ಭುಜದ ಬೆಲ್ಟು ಅದರ ಮೇಲೆ ಹಾದು ಒತ್ತಿ ಹಿಡಿಯಬೇಕು. ಪಕ್ಕಕ್ಕೆ ಜಾರಿದರೆ ಅದು ಬರಿಯ ಆಭರಣ. ಮನೆಕಾರಿನ ಬೆಲ್ಟಿನ ಜೊತೆ ಇದು ಕೆಲಸ ಮಾಡುವುದಿಲ್ಲ. ನೆಟ್ಟಗೆ ಕೂರುವ ಸೀಟಿಗೆ ಸಾಮಾನ್ಯವಾಗಿ 20 ಡಿಗ್ರಿಯ ಹ್ಯಾನ್ಸ್, ಇನ್ನಷ್ಟು ಒರಗಿದ ಸೀಟಿಗೆ 30ರದು. ಹೆಲ್ಮೆಟ್ಟಿಗೆ ನೀವೇ ಡ್ರಿಲ್ ಹಾಕಿ ಗುಬುಟಿ ಕೂರಿಸಬೇಡಿ, ಚಿಪ್ಪಿನ ಬಲವೇ ಹೋಗುತ್ತದೆ. ಹ್ಯಾನ್ಸ್‌ಗೆಂದೇ ಒಪ್ಪಿಗೆ ಪಡೆದ ಹೆಲ್ಮೆಟ್ ಕೊಳ್ಳಿ.

ಬೆಲ್ಟು ಆರು ಪಟ್ಟಿಯದೇ ಬೇಕು. ನಾಲ್ಕರದಾದರೆ ಭುಜದ ಪಟ್ಟಿ ಬಿಗಿ ಮಾಡಿದಷ್ಟೂ ಬಕಲ್ಲು ಹೊಟ್ಟೆಯ ಮೇಲೆ ಏರುತ್ತದೆ, ಗುದ್ದಿದಾಗ ಸೊಂಟ ಅದರಡಿ ನುಸುಳಿ ಕರುಳಿಗೆ ಪೆಟ್ಟಾಗುತ್ತದೆ. ತೊಡೆಸಂದಿಯ ಎರಡು ಪಟ್ಟಿ ಇರುವುದು ಬಕಲ್ಲನ್ನು ಕೆಳಗೆ ಹಿಡಿದಿಡಲಿಕ್ಕೆ. ಮೊದಲು ಸೊಂಟದ್ದನ್ನು ಸೊಂಟದ ಮೂಳೆಗೂ ತೊಡೆಗೂ ನಡುವಿನ ಮಡಿಕೆಯಲ್ಲಿ ಬಿಗಿಯಬೇಕು, ಆಮೇಲೆ ತೊಡೆಸಂದಿಯದು, ಭುಜದ್ದು ಕೊನೆಗೆ. ಭುಜದ ಪಟ್ಟಿ ಸೀಟಿನ ಹಿಂದೆ ಹೆಚ್ಚೆಂದರೆ 10 ಡಿಗ್ರಿ ಇಳಿಜಾರಿನಲ್ಲಿ ಹೋದರೆ ಒಳ್ಳೆಯದು, 45 ದಾಟಲೇಬಾರದು. ಹಿಂದಿನ ಸೀಟಿನ ಹಳೆಯ ಬೋಲ್ಟಿಗೆ ನೇರ ಕೆಳಗೆಳೆದು ಕಟ್ಟಿದರೆ ಪೆಟ್ಟಿನ ಹೊತ್ತಿಗೆ ಬೆನ್ನುಮೂಳೆಯನ್ನೇ ಒತ್ತುತ್ತದೆ. ಒಮ್ಮೆ ಜೋರಾಗಿ ಗುದ್ದಿದ ಬೆಲ್ಟು ನೋಡಲು ಚೆನ್ನಾಗಿದ್ದರೂ ಬಿಸಾಡಿ.

ನಿಮ್ಮೂರಿನ ಉಪ್ಪುಗಾಳಿಯ ಮಾತು ಬೇರೆಯೇ ಇದೆ. ರೋಲ್ ಕೇಜಿಗೆ, ಅಂದರೆ ಪಲ್ಟಿಯಾದಾಗ ಚಾಲಕನನ್ನು ಕಾಯುವ ಪೈಪಿನ ಗೂಡಿಗೆ, ದುಡ್ಡು ಹಾಕುವ ಮೊದಲು ಮ್ಯಾಟು ಎತ್ತಿ, ನೆಲದ ತಗಡನ್ನು ಸುತ್ತಿಗೆಯಿಂದ ತಟ್ಟಿ ನೋಡಿ. ನಾಲ್ಕು ಮಳೆಗಾಲ ಕಂಡ ಕಾರಿನಲ್ಲಿ ಬಣ್ಣ ಗಟ್ಟಿಯಾಗಿದ್ದು ಅಡಿಗೆ ತುಕ್ಕು ತಿಂದಿರುತ್ತದೆ. ಕೇಜಿನ ಮುಖ್ಯ ಕಮಾನಿಗೆ ಬೆಸುಗೆ ಜೋಡಣೆಯಿಲ್ಲದ ಉಕ್ಕಿನ ಪೈಪೇ ಬೇಕು: 45 ಮಿ.ಮೀ. ಅಗಲಕ್ಕೆ 2.5 ಮಿ.ಮೀ. ದಪ್ಪ, ಇಲ್ಲವೇ 50ಕ್ಕೆ 2. ಪ್ರತಿ ಪಾದದ ಕೆಳಗೆ ಕನಿಷ್ಠ 3 ಮಿ.ಮೀ. ದಪ್ಪದ, 120 ಚದರ ಸೆಂ.ಮೀ. ಬಲತಗಡು, ಮೂರಾದರೂ ಎಂ8 (8 ಮಿ.ಮೀ.) ಬೋಲ್ಟು, ಬಲದ ಗುರುತು 8.8. ತುಕ್ಕು ತಗಡಿಗೆ ವೆಲ್ಡ್ ಮಾಡಿದರೆ ಪಲ್ಟಿ ಹೊಡೆದಾಗ ಕೇಜಿನ ಕಾಲು ನೆಲ ಹರಿದು ಹೊರಬರುತ್ತದೆ.

ಸೆನ್ನಾನ ಮಾತನ್ನು ಬಿಡಬೇಕೆಂದಲ್ಲ. ರಾಟ್ಜೆನ್‌ಬರ್ಗರ್ ಸತ್ತ ಮರುದಿನ, ರೇಸಿನ ಏಳನೆಯ ಸುತ್ತಿನಲ್ಲಿ, ಟಂಬುರೆಲ್ಲೊ ತಿರುವಿನಲ್ಲಿ, ಸುಮಾರು 310 ಕಿ.ಮೀ. ವೇಗದಲ್ಲಿ ಅವನ ವಿಲಿಯಮ್ಸ್ ಕಾರು ಹಾದಿ ಬಿಟ್ಟಿತು. ಎರಡು ಸೆಕೆಂಡಿಗೂ ಕಡಿಮೆ ಸಮಯದಲ್ಲಿ ಬ್ರೇಕು ಒತ್ತಿ ಸುಮಾರು 210ಕ್ಕೆ ಇಳಿಸಿದ. ಅಂದರೆ ಬಡಿಯುವಾಗ ಕಾರಿನ ಶಕ್ತಿ ಅರ್ಧಕ್ಕೂ ಕಡಿಮೆಯಾಗಿತ್ತು. ಆದರೆ ಕಿತ್ತ ಮುಂದಿನ ಚಕ್ರ ಹಿಂದಕ್ಕೆ ಬಂತು, ಸಸ್ಪೆನ್ಷನ್ನಿನ ತುಂಡು ಹೆಲ್ಮೆಟ್ ಭೇದಿಸಿತು. ಅದಕ್ಕೇ 1996ರಲ್ಲಿ ಚಾಲಕನ ತಲೆಯ ಪಕ್ಕದ ಗೋಡೆ ಎತ್ತರವಾಯಿತು, 1999ರಲ್ಲಿ ಚಕ್ರಗಳು ಕಿತ್ತು ಹಾರದಂತೆ ಕಟ್ಟುವ ಹಗ್ಗ ಬಂತು. ಹಗ್ಗವೂ ಸಾಲಲಿಲ್ಲ: ಹಾರಿಬಂದ ಚಕ್ರ ಬಡಿದು 2000ದಲ್ಲಿ ಮೊನ್ಜಾದಲ್ಲಿ, 2001ರಲ್ಲಿ ಮೆಲ್ಬರ್ನಿನಲ್ಲಿ ಒಬ್ಬೊಬ್ಬ ಮಾರ್ಷಲ್ (ಟ್ರ್ಯಾಕಿನ ಪಕ್ಕ ನಿಲ್ಲುವ ರೇಸ್ ಸಿಬ್ಬಂದಿ) ಸತ್ತರು. ಹುಡುಗರು ನೆನೆಯುವವರ ಪಟ್ಟಿಯಲ್ಲಿ ಆ ಇಬ್ಬರೂ ಇರಲಿ. 2014ರಲ್ಲಿ ಸುಜುಕಾದಲ್ಲಿ ಕ್ರೇನಿಗೆ ಗುದ್ದಿದ ಚಾಲಕ ಜೂಲ್ ಬಿಯಾಂಕಿ ಮರುವರ್ಷ ತೀರಿಕೊಂಡ. 2018ರಲ್ಲಿ ಹ್ಯಾಲೊ, ಅಂದರೆ ಚಾಲಕನ ತಲೆಯ ಸುತ್ತಲಿನ ಲೋಹದ ಕಮಾನು, ಬಂತು. 2020ರ ಬಹರೇನಿನ ಬೆಂಕಿಯಿಂದ ಚಾಲಕ ಗ್ರೋಜಾನ್ ನಡೆದು ಹೊರಬಂದದ್ದನ್ನು ನೀವೆಲ್ಲ ನೋಡಿದ್ದೀರಿ. ಆ ಪೆಟ್ಟು 67 ಜಿ. ತಲೆಯನ್ನು ಕಬ್ಬಿಣದ ಬೇಲಿಯಿಂದ ಕಾಯ್ದದ್ದು ಹ್ಯಾಲೊ, ಕತ್ತನ್ನು ಕಾಯ್ದದ್ದು ಹ್ಯಾನ್ಸ್.

ಸೆನ್ನಾನ ಕಾರಿನಲ್ಲಿ ಮಡಚಿಟ್ಟ ಆಸ್ಟ್ರಿಯಾದ ಬಾವುಟ ಸಿಕ್ಕಿತ್ತು. ರೇಸ್ ಮುಗಿದ ಮೇಲೆ ರಾಟ್ಜೆನ್‌ಬರ್ಗರ್‌ಗಾಗಿ ಬೀಸಲು ತಂದಿದ್ದ. ಸೆನ್ನಾನೇ ನೆನೆಯಬೇಕೆಂದಿದ್ದವನನ್ನು ನಾವು ಮರೆತು ದೀಪ ಹಚ್ಚುವುದು ಸರಿಯೆನಿಸುವುದಿಲ್ಲ.

ರಾಟ್ಜೆನ್‌ಬರ್ಗರ್‌ನ ಕಾರು ಗೋಡೆಗೆ ಬಡಿದ ಹೊತ್ತು, ಇಮೋಲಾದ ಮಧ್ಯಾಹ್ನ 1:18, ನಮ್ಮ ಗಡಿಯಾರಕ್ಕೆ ಸಂಜೆ 4:48. ಆ ಹೊತ್ತಿಗೆ ಸೇರಿ. ಓಡಿಸುವ ಹುಡುಗ ತನ್ನ ಹೆಲ್ಮೆಟ್ಟು, ಬೆಲ್ಟು ಎರಡನ್ನೂ ತರಲಿ, ಬೆಲ್ಟಿನ ಚೀಟಿಯ ಮೇಲಿನ ಕೊನೆಯ ವರ್ಷ ಓದಿ ನನಗೆ ಬರೆದು ತಿಳಿಸು. ಕೇಜಿನ ವೆಲ್ಡಿಂಗ್ ಇನ್ನೂ ಶುರುವಾಗಿಲ್ಲವಾದರೆ ನೆಲದ ತಗಡಿನ ನಾಲ್ಕು ಫೋಟೊ ಮೊದಲು ಕಳಿಸು.

ನಿನ್ನ
ಶಿರಸಿಯ ಗೆಳೆಯ