ಉಪ್ಪುನೀರಿನ ಮೀನಿನ ಟ್ಯಾಂಕ್ ಇಟ್ಟವರ ಗಮನಕ್ಕೆ

ಎಲ್ಲರಿಗೂ ನಮಸ್ಕಾರ. ಮಳೆಗಾಲದಲ್ಲಿ ಕಾರವಾರದ ಕೋಡಿಬಾಗ ಕಡೆಯಿಂದ ನೀರು ತಂದು ಟ್ಯಾಂಕಿಗೆ ಹಾಕಿದವರು ಇವತ್ತೇ ಒಮ್ಮೆ ಅದರ ಉಪ್ಪಿನಂಶ ಅಳೆದು ನೋಡಿ. ಕಾಳಿ ನದಿ ತುಂಬಿ ಹರಿಯುವಾಗ ಅಳಿವೆಯ ನೀರು ಸಪ್ಪೆ. ನನ್ನ ಟ್ಯಾಂಕಿನ ಸಾಪೇಕ್ಷ ಸಾಂದ್ರತೆ (ಉಪ್ಪು ಹೆಚ್ಚಿದಷ್ಟೂ ಏರುವ ಅಳತೆ) 1.020ಕ್ಕೆ ಇಳಿದದ್ದು ಹೀಗೇ, ಇರಬೇಕಾದದ್ದು 1.025ರ ಆಸುಪಾಸು.

ಹಾಗಂತ ಉಪ್ಪನ್ನು ನೇರ ಟ್ಯಾಂಕಿಗೆ ಸುರಿಯಬೇಡಿ ಮಾರಾಯ್ರೆ. ಉಪ್ಪು ಇಳಿದರೆ ಮೀನು ಒಂದಷ್ಟು ತಡೆದುಕೊಳ್ಳುತ್ತದೆ, ಒಮ್ಮೆಲೇ ಏರಿದರೆ ಅದರ ಮೈಯೊಳಗಿನ ನೀರೇ ಹೊರಗೆ ಎಳೆದುಹೋಗುತ್ತದೆ. ದಿನಕ್ಕೆ 0.001ಕ್ಕಿಂತ ಹೆಚ್ಚು ಬೇಡ. ಅಂದರೆ ನನ್ನ ಟ್ಯಾಂಕಿಗೆ ಕಡಿಮೆಯೆಂದರೂ ಐದು ದಿನ.

ಆವಿಯಾದ ನೀರಿನ ಬದಲು ದಿನಾ ಸಿಹಿನೀರು ತುಂಬುತ್ತೇವಲ್ಲ, ಅಲ್ಲಿ ಉಪ್ಪುನೀರು ತುಂಬಿ, ಅಷ್ಟೇ. ಮಳೆಗಾಲದಲ್ಲಿ ಆವಿಯಾಗುವುದೇ ಕಡಿಮೆ ಎನ್ನುವವರು ಒಂದು ಬಕೆಟ್ ನೀರು ತೆಗೆದು, ಅದಕ್ಕಿಂತ ತುಸು ಹೆಚ್ಚು ಉಪ್ಪಿರುವ ನೀರನ್ನು ನಿಧಾನಕ್ಕೆ ಹಾಕಿ. 100 ಲೀಟರಿನ ಟ್ಯಾಂಕು 0.001 ಏರಲು ಸುಮಾರು 130–140 ಗ್ರಾಂ ಮರೈನ್ ಸಾಲ್ಟ್ (ಮೀನಿನ ಟ್ಯಾಂಕಿಗೆಂದೇ ಸಿಗುವ ಸಮುದ್ರದ ಉಪ್ಪಿನ ಮಿಶ್ರಣ) ಸಾಕು. ಹಿಂದಿನ ರಾತ್ರಿಯೇ ಬೇರೆ ಬಕೆಟ್ಟಿನಲ್ಲಿ ಕರಗಿಸಿ, ಏರ್ ಪಂಪ್ ಬಿಟ್ಟಿಡಿ. ಮರುದಿನ ಅಳೆದೇ ಮುಂದಿನ ಹೆಜ್ಜೆ. ಮೀನು ಏದುಸಿರು ಬಿಟ್ಟರೆ, ಮೂಲೆ ಹಿಡಿದರೆ ಅಲ್ಲಿಗೇ ನಿಲ್ಲಿಸಿ.

ಇಬ್ಬರು ಕೇಳಿದ್ದರು: ಗೋಕರ್ಣದ ಹತ್ತಿರದ ಸಾಣಿಕಟ್ಟಾದ ಅಡುಗೆ ಉಪ್ಪು ಆಗುವುದೇ? ಮೀನು ಸಾರಿಗೆ ಚೆಂದ, ಟ್ಯಾಂಕಿಗೆ ಬೇಡ. ಸಮುದ್ರದ ನೀರಿನಲ್ಲಿರುವ ಕ್ಯಾಲ್ಸಿಯಂ, ಮೆಗ್ನೀಷಿಯಂ ಅದರಲ್ಲಿ ಅದೇ ಪ್ರಮಾಣದಲ್ಲಿ ಇರುವುದಿಲ್ಲ. ಗೋಲ್ಡ್‌ಫಿಶ್‌ನಂಥ ಸಿಹಿನೀರಿನ ಮೀನು ಸಾಕಿದವರಿಗೆ ಈ ಸೂಚನೆ ಅಲ್ಲವೇ ಅಲ್ಲ.