ಬಡ್ಡಿ ದುಡ್ಡಲ್ಲಿ ಬೇಡ, ಹೊತ್ತಿನಲ್ಲಿ ಕೊಡಲಿ

ಸಂಪಾದಕರಿಗೆ ನಮಸ್ಕಾರ.

ಈ ತಿಂಗಳು ನಿಮ್ಮ ಪತ್ರಿಕೆಯ ಮುಂಬಯಿ ಪುಟ ತೆರೆದರೆ ಸಾಕು, ನಮ್ಮ ಸಂಘಗಳ ವಿದ್ಯಾರ್ಥಿವೇತನ ವಿತರಣೆಯ ಫೋಟೋಗಳೇ. ವೇದಿಕೆ ಮೇಲೆ ಶಾಲು ಹೊದ್ದ ಹತ್ತು ಜನ, ಹಿಂದೆ ಬ್ಯಾನರು, ಮಧ್ಯೆ ಕವರ್ ಹಿಡಿದುಕೊಂಡು ನಿಂತ ಒಂದು ಹುಡುಗಿ. ನಾನೂ ಅಂಥ ಕವರ್ ಹಿಡಿದವನೇ, ಹಾಗಾಗಿ ತಮಾಷೆ ಮಾಡುವುದಿಲ್ಲ. ಹಗಲೆಲ್ಲ ಫೋರ್ಟಿನ ಒಂದು ಹೋಟೆಲಿನಲ್ಲಿ ಕಪ್ಪು-ಬಸಿ ತೊಳೆದು, ಸಂಜೆ ಕನ್ನಡ ರಾತ್ರಿಶಾಲೆಗೆ ಓಡಿ, ಕೈಗೆ ಹತ್ತಿದ ಸೋಪಿನ ವಾಸನೆಯನ್ನು ಪುಸ್ತಕಕ್ಕೂ ಹತ್ತಿಸಿ ಹತ್ತನೇ ತರಗತಿ ಮುಗಿಸಿದೆ. ಪರೀಕ್ಷೆ ಫೀ ಕಟ್ಟಿದ್ದು ನಮ್ಮ ಊರಿನವರದೇ ಒಂದು ಸಂಘ. ಆಮೇಲೆ ಅವರು ನನ್ನನ್ನು ಕರೆಯಲಿಲ್ಲ, ನಾನೂ ಆ ಕಡೆ ತಲೆ ಹಾಕಲಿಲ್ಲ.

ಇದೆಲ್ಲ ಈಗ ಯಾಕೆ ಅಂದರೆ, ಮೊನ್ನೆ ಮಗಳು ಮೊಬೈಲಿನಲ್ಲಿ ಕ್ಯಾಮ್‌ಫೆಡ್ ಅನ್ನುವ ಸಂಸ್ಥೆಯ ಬಗ್ಗೆ ಓದಿ ಹೇಳಿದಳು. 1993ರಲ್ಲಿ ಜಿಂಬಾಬ್ವೆಯ ಹಳ್ಳಿಗಾಡಿನಲ್ಲಿ 32 ಹುಡುಗಿಯರ ಓದಿನ ಖರ್ಚು ವಹಿಸಿಕೊಂಡು ಶುರುವಾದದ್ದು. ಫೀ ಒಂದೇ ಅಲ್ಲ, ಯೂನಿಫಾರ್ಮು, ಶೂ, ಮುಟ್ಟಿನ ಪ್ಯಾಡು ಕೂಡ ಕೊಡುತ್ತಾರೆ. ಫೀ ಕಟ್ಟಿದ ಮಕ್ಕಳೂ ಇಂಥ ಸಣ್ಣ ಸಣ್ಣ ಕಾರಣಕ್ಕೇ ಶಾಲೆ ಬಿಡುತ್ತಾರೆ, ಅಲ್ವಾ? ನನಗೆ ಹಿಡಿಸಿದ್ದು ಮುಂದಿನ ಕಥೆ. ಓದು ಮುಗಿಸಿದ ಹುಡುಗಿಯರು 1998ರಲ್ಲಿ ತಮ್ಮದೇ ಒಂದು ಸಂಘ ಕಟ್ಟಿಕೊಂಡರು. ಅವರಲ್ಲಿ ಎಷ್ಟೋ ಜನ ತಮ್ಮ ಊರಿನ ಶಾಲೆಗೇ ವಾಪಸ್ ಹೋಗಿ, ವಾರಕ್ಕಿಷ್ಟು ಹೊತ್ತು ಅಂತ ಮಕ್ಕಳ ಜೊತೆ ಕೂರುತ್ತಾರೆ, ಯಾರಾದರೂ ಶಾಲೆಗೆ ಬರುವುದು ನಿಲ್ಲಿಸಿದರೆ ಮನೆಗೇ ಹೋಗಿ ಅಪ್ಪ ಅಮ್ಮನ ಹತ್ತಿರ ಮಾತಾಡುತ್ತಾರೆ. ಸಂಬಳ ಇಲ್ಲ. ಅದರ ಬದಲು ಕೋಳಿ ಸಾಕುವುದಕ್ಕೋ ಹೊಲಿಗೆ ಅಂಗಡಿ ಇಡುವುದಕ್ಕೋ ಬಡ್ಡಿಯಿಲ್ಲದ ಸಾಲ ಸಿಗುತ್ತದೆ. ಶಾಲೆಯಲ್ಲಿ ಕಳೆದ ಹೊತ್ತೇ ಬಡ್ಡಿ! ಮೊದಮೊದಲು ನೆರವು ಪಡೆದ ಹುಡುಗಿಯರಲ್ಲಿ ಒಬ್ಬರಾದ ಏಂಜಲೀನ್ ಮುರಿಮಿರ್ವಾ ಮುಂದೆ ಅದೇ ಸಂಸ್ಥೆಯ ಮುಖ್ಯಸ್ಥೆಯಾದರಂತೆ.

ದುಡ್ಡಿನ ವಿಷಯದಲ್ಲೂ ಆಫ್ರಿಕಾದ ಹಳ್ಳಿ ಹೆಂಗಸರು ಜಾಣೆಯರು. 1991ರಲ್ಲಿ ನೈಜರ್ ದೇಶದಲ್ಲಿ ಕೇರ್ ಅನ್ನುವ ನೆರವಿನ ಸಂಸ್ಥೆ ಶುರು ಮಾಡಿದ ಉಳಿತಾಯದ ಗುಂಪುಗಳು ಈಗ ಅಲ್ಲಿನ ಎಷ್ಟೋ ದೇಶಗಳಲ್ಲಿವೆ. ಒಂದು ಪೆಟ್ಟಿಗೆ, ಮೂರು ಬೀಗ. ಕೀಲಿಗಳು ಮೂವರ ಹತ್ತಿರ, ಪೆಟ್ಟಿಗೆ ಇನ್ನೊಬ್ಬಳ ಮನೆಯಲ್ಲಿ. ನಮ್ಮ ಡೊಂಬಿವಲಿ ಹೆಂಗಸರ ಭಿಶಿ (ಚೀಟಿ ಗುಂಪು) ತರಹವೇ, ಆದರೆ ಚೀಟಿ ಎತ್ತುವುದಿಲ್ಲ. ಬೇಕಾದವರು ಸಾಲ ತೆಗೆದುಕೊಳ್ಳುತ್ತಾರೆ, ವರ್ಷದ ಕೊನೆಗೆ ಬಡ್ಡಿ ಸಮೇತ ಪಾಲು ಹಂಚಿಕೊಳ್ಳುತ್ತಾರೆ, ಎಷ್ಟೋ ಮನೆಗಳಲ್ಲಿ ಆ ಪಾಲು ನೇರ ಮಕ್ಕಳ ಫೀಗೇ ಹೋಗುತ್ತದೆ. (ನಮ್ಮ ಸಂಘಗಳ ಲೆಕ್ಕದ ಪುಸ್ತಕಕ್ಕೂ ಮೂರು ಬೀಗ ಬೇಕು ಅಂತ ನನ್ನ ಹೆಂಡತಿ ಅಂದಳು. ಇದನ್ನು ಅಚ್ಚು ಮಾಡದಿದ್ದರೂ ಸರಿ.)

ಎರಡು ವರ್ಷದ ಹಿಂದೆ ನಾನೇ ಒಂದು ಸಂಘದ ಕಚೇರಿಗೆ ಹೋಗಿ, ನಿಮ್ಮಿಂದ ವಿದ್ಯಾರ್ಥಿವೇತನ ತಗೊಂಡ ಮಕ್ಕಳಿಗೆ ಭಾನುವಾರ ಲೆಕ್ಕ ಹೇಳಿಕೊಡುತ್ತೇನೆ ಅಂದೆ. ಚಹಾ ಕೊಟ್ಟರು, ಕೂರಿಸಿದರು. "ಪಾಠ ಎಲ್ಲ ನೋಡೋಣ ಅಣ್ಣ, ಮೊದಲು ಸ್ಮರಣ ಸಂಚಿಕೆಗೆ ಅರ್ಧ ಪುಟ ಜಾಹೀರಾತು ಕೊಡಿ" ಅಂದರು. ಕೊಟ್ಟೆ. ಜಾಹೀರಾತು ಬಂತು, ಮಕ್ಕಳು ಬರಲಿಲ್ಲ.

ಕವರ್ ಕೊಡುವ ದಿನವೇ ಒಂದು ರಿಜಿಸ್ಟರ್ ಇಟ್ಟು, ಹಿಂದೆ ಕವರ್ ತಗೊಂಡವರ ನಂಬರ್ ಬರೆದುಕೊಳ್ಳಿ, ಮಕ್ಕಳ ಜೊತೆ ಕೂರುವುದಕ್ಕೆ ಅವರನ್ನು ಕರೆಯಿರಿ ಅಂತ ಸಂಘದವರನ್ನು ಕೇಳಿಕೊಳ್ಳುತ್ತೇನೆ. ಅದಕ್ಕೆ ಹಾಲ್ ಬಾಡಿಗೆಯೂ ಬೇಡ, ಅತಿಥಿಯೂ ಬೇಡ. ಸಿಎ ಆದವರಿದ್ದಾರೆ, ಬ್ಯಾಂಕಿನವರಿದ್ದಾರೆ, ನನ್ನ ಹಾಗೆ ಸುಮ್ನೆ ಸ್ಟೇಷನರಿ ಅಂಗಡಿ ಇಟ್ಟವರೂ ಇದ್ದೇವೆ. ನನ್ನ ಅಂಗಡಿ ಭಾನುವಾರ ಮಧ್ಯಾಹ್ನ ಮುಚ್ಚುತ್ತದೆ. ಡೊಂಬಿವಲಿ ಪೂರ್ವದಲ್ಲಿ ಯಾರಿಗಾದರೂ ಹತ್ತನೇ ತರಗತಿಯ ಗಣಿತಕ್ಕೆ ಜನ ಬೇಕಿದ್ದರೆ ಬರುತ್ತೇನೆ. ಇಂಗ್ಲಿಷ್ ಮಾತ್ರ ಕೇಳಬೇಡಿ.

— ಒಬ್ಬ ಹಳೇ ರಾತ್ರಿಶಾಲೆ ವಿದ್ಯಾರ್ಥಿ, ಡೊಂಬಿವಲಿ